ಗುರುತಿಲ್ಲದ ಹೋಟೆಲಿಗೆ ಬೆಲ್ಲದ ಮೇಲ್ ಕಳಿಸುವುದು ಹೇಗೆ?

ಮೊದಲ ಸಲ ನಾನು ಒಂದೇ ಏಟಿಗೆ ನೂರೈವತ್ತು ಕಡೆಗೆ ಮೇಲ್ ಕಳಿಸಿದ್ದೆ. ವಿಳಾಸಗಳನ್ನೆಲ್ಲ ಇಂಟರ್ನೆಟ್ಟಿನಲ್ಲಿ ಸಿಕ್ಕ ಯಾವುದೋ ಪಟ್ಟಿಯಿಂದ ಎತ್ತಿದ್ದು. ಎಲ್ಲವನ್ನೂ ಸಾಲಾಗಿ ಸಿಸಿಯಲ್ಲಿ, ಅಂದರೆ ಎಲ್ಲರಿಗೂ ಎಲ್ಲರ ವಿಳಾಸ ಕಾಣುವ ಜಾಗದಲ್ಲಿ, ತುಂಬಿದ್ದೆ. ಸಬ್ಜೆಕ್ಟ್ ಜಾಗದಲ್ಲಿ 'ಬೆಲ್ಲ' ಅಂತಷ್ಟೇ. ಜೊತೆಗೆ 14 ಎಂಬಿಯ ಒಂದು ಪಿಡಿಎಫ್. ಅದರಲ್ಲಿ ನಮ್ಮ ಆಲೆಮನೆ, ನಮ್ಮ ಕಬ್ಬಿನ ಗದ್ದೆ, ಕೊಪ್ಪರಿಗೆ ಪಕ್ಕ ನಿಂತ ನಮ್ಮ ಮಾವನವರು.

ಉತ್ತರ ಮೂರು ಬಂದವು. ಒಬ್ಬರು 'ನನ್ನ ಹೆಸರು ತೆಗೀರಿ' ಎಂದು ಎಲ್ಲರಿಗೂ ಹೋಗುವ ಹಾಗೆ ಬರೆದಿದ್ದರು. ಇನ್ನೊಬ್ಬರು 'ನನ್ನದೂ' ಎಂದು ಅದನ್ನೂ ಎಲ್ಲರಿಗೂ ಕಳಿಸಿದ್ದರು. ಮೂರನೆಯವರು ಬೇರೊಬ್ಬ ಬೆಲ್ಲದ ವ್ಯಾಪಾರಿ. ಆ ಪಟ್ಟಿಯಲ್ಲಿ ಅವರೂ ಇದ್ದರು ಅಂತ ನನಗೇನು ಗೊತ್ತು? ನಾನೇ ಕೊಟ್ಟ ನೂರೈವತ್ತು ವಿಳಾಸಕ್ಕೆ ಅವರು ತಮ್ಮ ರೇಟು ಕಳಿಸಿಬಿಟ್ಟಿದ್ದರು. ನನಗಿಂತ ನಾಲ್ಕು ರೂಪಾಯಿ ಕಡಿಮೆ.

ಈಗ ಮೈಸೂರಿನ ಹೋಟೆಲು, ರೆಸಾರ್ಟು, ಕಂಪನಿ ಕ್ಯಾಂಟೀನುಗಳಿಗೆ ನಮ್ಮ ಬೆಲ್ಲ ಹೋಗುತ್ತಿದೆ. ಅದರಲ್ಲಿ ಜಾಸ್ತಿ ಪಾಲು ಶುರುವಾಗಿದ್ದು ಇಮೇಲಿನಿಂದಲೇ. ಆದರೆ ಆ ಮೇಲುಗಳಿಗೂ ಮೊದಲನೆಯದಕ್ಕೂ ಏನೂ ಸಂಬಂಧವಿಲ್ಲ. ನೀವು ಬೆಲ್ಲ ಮಾಡದಿದ್ದರೂ ಪರವಾಗಿಲ್ಲ. ರಟ್ಟಿನ ಡಬ್ಬಿ, ಬಟ್ಟೆ ಚೀಲ, ಲೆಕ್ಕಪತ್ರದ ಕೆಲಸ, ಏನೇ ಇರಲಿ, ದಾರಿ ಇದೇ.

ಮೇಲ್ ಯಾಕೆ ಬೇಕಾಯಿತು ಅಂದರೆ, ನಾವು ಬೆಲ್ಲಕ್ಕೆ ಹೈಡ್ರೋಸ್ ಅನ್ನುವ, ಬಣ್ಣ ತಿಳಿ ಮಾಡುವ ರಾಸಾಯನಿಕ ಹಾಕುವುದಿಲ್ಲ. ಹಾಕಿದರೆ ಬಣ್ಣ ಹೊಳೆಯುವ ಹಳದಿ. ಹಾಕದಿದ್ದರೆ ಕಂದು. ಮಂಡ್ಯದ ಎಪಿಎಂಸಿಯಲ್ಲಿ ನಮ್ಮ ಬೆಲ್ಲ ಹರಾಜಿಗೆ ಬಂದಾಗ ಮೊದಲು ನೋಡುವುದೇ ಬಣ್ಣ. ಕಂದು ಬೆಲ್ಲ ಯಾಕೆ ಕಂದು ಅಂತ ಕೇಳುವವರನ್ನು ನಾವೇ ಹುಡುಕಿಕೊಂಡು ಹೋಗಬೇಕಾಯಿತು.

1. ಮೊದಲು ನಿಮ್ಮದೇ ವಿಳಾಸ

ಮನೆಯ ಜಿಮೇಲ್ ಐಡಿಯಿಂದ ವ್ಯಾಪಾರದ ಮೇಲ್ ಕಳಿಸಬೇಡಿ. ನನ್ನ ಹಳೆಯ ಐಡಿಯಲ್ಲಿ ಮಗಳ ಹೆಸರು, ಅವಳು ಹುಟ್ಟಿದ ವರ್ಷ ಎರಡೂ ಇದ್ದವು. ಅದನ್ನು ನೋಡಿ ಯಾವ ಪರ್ಚೇಸ್ ಮ್ಯಾನೇಜರ್ ತಾನೇ ನಂಬುತ್ತಾರೆ? ನಿಮ್ಮ ಘಟಕದ ಹೆಸರಲ್ಲಿ ಒಂದು ಡೊಮೈನ್, ಅಂದರೆ ಮೇಲ್ ಐಡಿಯಲ್ಲಿ @ ಆದ ಮೇಲೆ ಬರುವ ಹೆಸರು, ತಗೊಳ್ಳಿ. ಡಾಟ್ ಇನ್ ಸಾಕು, ಸಾಮಾನ್ಯವಾಗಿ ವರ್ಷಕ್ಕೆ ಸಾವಿರ ರೂಪಾಯಿಯೊಳಗೆ ಆಗುತ್ತದೆ. ಅದರ ಮೇಲೆ ಮೇಲ್ ಬಾಕ್ಸ್ ಬೇರೆ ತಗೊಳ್ಳಬೇಕು.

ಆಮೇಲೆ ಮೂರು ಸೆಟ್ಟಿಂಗ್ ಮಾಡಿಸಬೇಕು. ಹೆಸರು ಕೇಳಿ ಹೆದರಬೇಡಿ. ಎಸ್‌ಪಿಎಫ್ ಅಂದರೆ ನಿಮ್ಮ ಹೆಸರಲ್ಲಿ ಯಾವ ಯಾವ ಸರ್ವರ್ ಮೇಲ್ ಕಳಿಸಬಹುದು ಅನ್ನುವ ಪಟ್ಟಿ. ಡಿಕೆಐಎಂ ಅಂದರೆ ಪ್ರತಿ ಮೇಲಿಗೂ ಬೀಳುವ ಸೀಲು. ಡಿಮಾರ್ಕ್ ಅಂದರೆ ಇವೆರಡೂ ಸರಿ ಇಲ್ಲದ ಮೇಲ್ ಬಂದರೆ ಏನು ಮಾಡಬೇಕು ಅಂತ ಆ ಕಡೆಯವರಿಗೆ ಕೊಡುವ ಸೂಚನೆ. ಗೂಗಲ್ ಮತ್ತು ಯಾಹೂ 2024ರ ಫೆಬ್ರವರಿಯಿಂದ ಈ ವಿಷಯದಲ್ಲಿ ಬಿಗಿ ಮಾಡಿವೆ. ಜಿಮೇಲ್ ಖಾತೆಗಳಿಗೆ ದಿನಕ್ಕೆ 5,000ಕ್ಕಿಂತ ಹೆಚ್ಚು ಮೇಲ್ ಕಳಿಸುವವರಿಗೆ ಮೂರೂ ಕಡ್ಡಾಯ. ನಮ್ಮಂಥ ಸಣ್ಣವರಿಗೆ ಮೊದಲ ಎರಡರಲ್ಲಿ ಒಂದಾದರೂ ಇರಲೇಬೇಕು. ಮೂರನ್ನೂ ಒಂದೇ ಸಲ ಮಾಡಿಸಿಬಿಡುವುದು ಒಳ್ಳೆಯದು.

ನನಗೆ ಇದನ್ನು ಮಾಡಿಕೊಟ್ಟಿದ್ದು ಅಕ್ಕನ ಮಗ. ಅರ್ಧ ಗಂಟೆ ಕೆಲಸ. 'ಚಿಕ್ಕಮ್ಮ, ಇಷ್ಟು ದಿನ ನಿಮ್ಮ ಮೇಲೆಲ್ಲ ಸ್ಪ್ಯಾಮಿಗೆ ಹೋಗಿರುತ್ತೆ ಬಿಡಿ' ಅಂದ. ಸರಿಯಾಗಿದೆಯಾ ಅಂತ ನೋಡುವುದನ್ನೂ ಅವನೇ ಹೇಳಿಕೊಟ್ಟ. ನಿಮ್ಮ ಹೊಸ ಐಡಿಯಿಂದ ನಿಮ್ಮದೇ ಜಿಮೇಲಿಗೆ ಒಂದು ಮೇಲ್ ಹಾಕಿ. ಕಂಪ್ಯೂಟರಿನಲ್ಲಿ ಅದನ್ನು ತೆರೆದು, ಮೂರು ಚುಕ್ಕಿ ಒತ್ತಿ, 'ಶೋ ಒರಿಜಿನಲ್' ಆರಿಸಿ. ಮೂರರ ಮುಂದೆಯೂ 'ಪಾಸ್' ಅಂತ ಇದ್ದರೆ ಆಯಿತು.

ಹೊಸ ಡೊಮೈನಿನಿಂದ ಮೊದಲ ದಿನವೇ ನೂರಾರು ಮೇಲ್ ಬಿಡಬೇಡಿ. ಮೊದಲ ಎರಡು ಮೂರು ವಾರ ದಿನಕ್ಕೆ ನಾಲ್ಕೈದು ಸಾಕು. ಗುರುತಿರುವವರಿಗೂ ಅದರಿಂದಲೇ ಬರೆಯಿರಿ, ಅವರು ಉತ್ತರ ಕೊಡಲಿ. ಊರಿಗೆ ಹೊಸದಾಗಿ ಬಂದವನು ಮೊದಲ ದಿನವೇ ಮನೆ ಮನೆ ಬಾಗಿಲು ಬಡಿದರೆ ಅನುಮಾನ ಬರುತ್ತದಲ್ವಾ, ಹಾಗೆಯೇ.

2. ಇಪ್ಪತ್ತು ಹೆಸರು, ಅದಕ್ಕಿಂತ ಜಾಸ್ತಿ ಬೇಡ

'ಒಂದು ಲಕ್ಷ ಮೇಲ್ ಐಡಿ, ಬರೀ 999 ರೂಪಾಯಿ' ಅಂತ ಮಾರುವವರಿದ್ದಾರೆ. ಕೊಳ್ಳಬೇಡಿ. ಅರ್ಧ ವಿಳಾಸ ಸತ್ತಿರುತ್ತವೆ. ಸತ್ತ ವಿಳಾಸಗಳಿಗೆ ಕಳಿಸಿದ ಮೇಲ್ ವಾಪಸ್ ಬಂದಷ್ಟೂ ನಿಮ್ಮ ಹೊಸ ಡೊಮೈನಿನ ಹೆಸರು ಕೆಡುತ್ತದೆ. ಉಳಿದವರಿಗೆ ಬೆಲ್ಲ ಬೇಕೋ ಬೇಡವೋ ಯಾರಿಗೆ ಗೊತ್ತು.

ಒಂದು ನೋಟ್‌ಬುಕ್ ತಗೊಂಡು ಕೂತುಕೊಳ್ಳಿ. ನಿಮ್ಮ ಸಾಮಾನು ನಿಜವಾಗಿ ಯಾರಿಗೆ ಬೇಕು ಅಂತ ಇಪ್ಪತ್ತು ಹೆಸರು ಬರೆಯಿರಿ. ನಾನು ಮೊದಲು ಗೂಗಲ್ ಮ್ಯಾಪಿನಲ್ಲಿ ಮೈಸೂರಿನ ಹೋಟೆಲುಗಳ ಮೆನು ಫೋಟೊ ನೋಡುತ್ತಾ ಹೋದೆ. ಹೋಳಿಗೆ, ಪಾಯಸ, ಬೆಲ್ಲದ ಕಾಫಿ, ರಾಗಿ ಮಾಲ್ಟ್, ಇದರಲ್ಲಿ ಎರಡಾದರೂ ಇದ್ದರೆ ಮಾತ್ರ ಪಟ್ಟಿಗೆ. ಮೈಸೂರಿನದೇ ಹೆಬ್ಬಾಳ, ಹೂಟಗಳ್ಳಿ ಕಡೆಯ ಕಾರ್ಖಾನೆಗಳಿಗೆ ಊಟ ಕೊಡುವ ಕ್ಯಾಟರಿಂಗ್‌ನವರನ್ನೂ ಸೇರಿಸಿದೆ. ಶ್ರೀರಂಗಪಟ್ಟಣದ ಸುತ್ತಮುತ್ತ ನದಿ ದಂಡೆಯ ರೆಸಾರ್ಟುಗಳನ್ನೂ ಸೇರಿಸಿದೆ, ಅಲ್ಲಿ 'ಹಳ್ಳಿ ಊಟ' ಅಂತ ಬೋರ್ಡ್ ಹಾಕಿರುತ್ತಾರೆ.

ಇಲ್ಲೇ ಒಂದು ಮಾತು. ಸಯ್ಯಾಜಿರಾವ್ ರಸ್ತೆಯ ಆಸುಪಾಸಿನ ಸಣ್ಣ ಮೆಸ್ಸು, ದರ್ಶಿನಿಗಳಿಗೆ ಮೇಲ್ ಕಳಿಸುವುದು ಸುಮ್ನೆ ದಂಡ. ಅಂಥ ಕಡೆ ಮಾಲೀಕರೇ ಗಲ್ಲಾಪೆಟ್ಟಿಗೆ ಮುಂದೆ ಕೂತಿರುತ್ತಾರೆ. ಬೆಳಗಿನ ತಿಂಡಿ ಗದ್ದಲ ಮುಗಿದ ಮೇಲೆ, ಹನ್ನೊಂದರ ಹೊತ್ತಿಗೆ, ಒಂದು ಅಚ್ಚು ಬೆಲ್ಲ ಹಿಡಿದು ನೇರ ಹೋಗಿ. ಮೇಲ್ ಏನಿದ್ದರೂ ಒಳಗೆ ಬಿಡದ ಜಾಗಗಳಿಗೆ. ಗೇಟಿನಲ್ಲಿ ಸೆಕ್ಯೂರಿಟಿ ಇದ್ದು, 'ಅಪಾಯಿಂಟ್‌ಮೆಂಟ್ ಇದೆಯಾ' ಅಂತ ಕೇಳುವ ಕಡೆಗೆ.

ಇನ್ನು ವಿಳಾಸ. ವೆಬ್‌ಸೈಟಿನಲ್ಲಿ 'ಇನ್ಫೋ' ಅಂತ ಶುರುವಾಗುವ ಐಡಿ ಇದ್ದೇ ಇರುತ್ತದೆ. ಅದನ್ನು ರಿಸೆಪ್ಷನ್‌ನವರು ನೋಡುತ್ತಾರೆ. ಅವರಿಗೆ ರೂಮ್ ಬುಕಿಂಗ್ ಮುಖ್ಯ, ಬೆಲ್ಲ ಅಲ್ಲ. ನಾನು ಫೋನ್ ಮಾಡಿಬಿಡುತ್ತೇನೆ. 'ನಮಸ್ಕಾರ ಮೇಡಂ, ಮಂಡ್ಯದಿಂದ ಮಾತಾಡ್ತಾ ಇದ್ದೀನಿ. ಅಡುಗೆಮನೆ ಸಾಮಾನಿನ ಪರ್ಚೇಸ್ ಯಾರು ನೋಡ್ಕೋತಾರೆ? ಅವರಿಗೆ ಒಂದು ಮೇಲ್ ಕಳಿಸಬೇಕಿತ್ತು.' ಇಷ್ಟೇ. ಹೆಚ್ಚಿನವರು ಹೆಸರು, ಐಡಿ ಎರಡೂ ಕೊಡುತ್ತಾರೆ. ಅಕ್ಷರ ಅಕ್ಷರವಾಗಿ ಬರೆದುಕೊಂಡು ವಾಪಸ್ ಓದಿ ಹೇಳಿ. ಕೊಡದಿದ್ದರೆ ಒತ್ತಾಯ ಬೇಡ, ಮುಂದಿನ ಹೆಸರಿಗೆ ಹೋಗಿ.

ಸಾಧ್ಯವಿದ್ದರೆ ಬಾಣಸಿಗರ ಹೆಸರನ್ನೂ ಕೇಳಿಕೊಳ್ಳಿ. ದುಡ್ಡು ಕೊಡುವುದು ಪರ್ಚೇಸ್, ಆದರೆ 'ಇದೇ ಬೇಕು' ಅನ್ನುವುದು ಅಡುಗೆಮನೆ.

3. ಬರೆಯುವುದು

ಇಲ್ಲೇ ನನಗೆ ಜಾಸ್ತಿ ದಿನ ಹಿಡಿದಿದ್ದು.

ಮೊದಮೊದಲು ನಾನು ಬರೆಯುತ್ತಿದ್ದದ್ದು ಹೀಗೆ: 'ನಮ್ಮ ಸಂಸ್ಥೆಯು ಅತ್ಯುತ್ತಮ ಗುಣಮಟ್ಟದ ಸಾಂಪ್ರದಾಯಿಕ ಬೆಲ್ಲವನ್ನು ಸ್ಪರ್ಧಾತ್ಮಕ ದರದಲ್ಲಿ ಪೂರೈಸುತ್ತಿದ್ದು...' ಸಂಸ್ಥೆ ಅಂದರೆ ನಾನು, ನನ್ನ ಯಜಮಾನರು, ಆಲೆಮನೆಯ ನಾಲ್ಕು ಜನ. ಈಗ ಇಂಥ ಮೇಲನ್ನು ಮೊಬೈಲಿನ ಎಐ ಒಂದು ನಿಮಿಷದಲ್ಲಿ ಬರೆದುಕೊಡುತ್ತದೆ. ಅದಕ್ಕೇ ಯಾರೂ ಓದುವುದಿಲ್ಲ.

ಬದಲಾಗಿದ್ದು ಒಂದು ಮದುವೆ ಮನೆಯಲ್ಲಿ. ಅಡುಗೆಯವರೊಬ್ಬರು ನಮ್ಮ ಬೆಲ್ಲ ಮೂಸಿ ನೋಡಿ ಕೇಳಿದ್ದು ರೇಟಲ್ಲ, ಬಣ್ಣವೂ ಅಲ್ಲ. 'ಅಮ್ಮ, ಪಾಯಸಕ್ಕೆ ಹಾಕಿದ್ರೆ ಹಾಲು ಒಡೆಯುತ್ತಾ?' ಅಂದರು. ಬೆಲ್ಲದಲ್ಲಿ ಹುಳಿ ಅಂಶ ಇದ್ದರೆ ಕಾದ ಹಾಲು ಒಡೆಯುತ್ತದೆ. ಐನೂರು ಜನರ ಪಾಯಸ ಒಡೆದರೆ ಆ ಬಾಣಸಿಗರ ಗತಿ ಏನು? ನಾನು ನಮ್ಮ ಗದ್ದೆ, ನಮ್ಮ ಕೊಪ್ಪರಿಗೆ ಅಂತ ಬರೆಯುತ್ತಾ ಕೂತಿದ್ದೆ. ಅವರ ಚಿಂತೆ ಅವರ ಹಾಲಿನದ್ದು.

ಅವತ್ತಿನಿಂದ ಪ್ರತಿ ಪಾಕದ ಬೆಲ್ಲವನ್ನೂ ಒಂದು ಲೋಟ ಬಿಸಿ ಹಾಲಿಗೆ ಹಾಕಿ ನೋಡುವುದು ರೂಢಿಯಾಯಿತು. ಮೇಲ್ ಕೂಡ ಬದಲಾಯಿತು. ಈಗ ಹೀಗಿದೆ:

> ಸಬ್ಜೆಕ್ಟ್: ಪಾಯಸದ ಬೆಲ್ಲ, ಹಾಲಿಗೆ ಹಾಕಿ ನೋಡಲು 1 ಕೆಜಿ
>
> ನಮಸ್ಕಾರ ಸರ್,
>
> ಹೋದ ಭಾನುವಾರ ನಿಮ್ಮಲ್ಲಿ ಊಟ ಮಾಡಿದೆವು. ಹೆಸರುಬೇಳೆ ಪಾಯಸಕ್ಕೂ ಹೋಳಿಗೆಗೂ ಬೆಲ್ಲವನ್ನೇ ಹಾಕುತ್ತೀರಿ ಎಂದು ಬಡಿಸುವವರು ಹೇಳಿದರು.
>
> ನಾವು ಮಂಡ್ಯದ ಹತ್ತಿರ ಹೈಡ್ರೋಸ್ ಇಲ್ಲದ ಬೆಲ್ಲ ಮಾಡುತ್ತೇವೆ. ಬಣ್ಣ ಕಂದು. ಪ್ರತಿ ಪಾಕವನ್ನೂ ಬಿಸಿ ಹಾಲಿಗೆ ಹಾಕಿ ನೋಡಿಯೇ ಕಳಿಸುತ್ತೇವೆ. ಪುಡಿ 5 ಕೆಜಿ ಮತ್ತು 25 ಕೆಜಿ ಚೀಲದಲ್ಲಿ ಇದೆ. ಮಂಗಳವಾರ, ಶುಕ್ರವಾರ ನಮ್ಮ ಗಾಡಿ ಮೈಸೂರಿಗೆ ಬರುತ್ತದೆ.
>
> ಒಂದು ಕೆಜಿ ಸ್ಯಾಂಪಲ್ ತಂದುಕೊಡಲೇ? ಖರ್ಚು ನಮ್ಮದು. ಯಾವ ದಿನ ಅನುಕೂಲ ಹೇಳಿ.
>
> ಬೇಡ ಎಂದರೆ 'ಬೇಡ' ಎಂದಷ್ಟೇ ಬರೆಯಿರಿ. ಮತ್ತೆ ತೊಂದರೆ ಕೊಡುವುದಿಲ್ಲ.

ಕೆಳಗೆ ಹೆಸರು, ಘಟಕದ ಹೆಸರು, ಊರು, ಫೋನ್, ಆಹಾರ ಮಾರುವವರಿಗೆ ಕೊಡುವ 14 ಅಂಕಿಯ ಎಫ್‌ಎಸ್‌ಎಸ್‌ಎಐ ಸಂಖ್ಯೆ, ಸಣ್ಣ ಉದ್ಯಮಗಳಿಗೆ ಸರ್ಕಾರ ಕೊಡುವ ಉದ್ಯಮ್ ನೋಂದಣಿ ಸಂಖ್ಯೆ. ಅಷ್ಟೇ.

ಇದನ್ನು ಹಾಗೇ ನಕಲು ಮಾಡಬೇಡಿ. ಯಾವ ಸಾಲು ಯಾಕಿದೆ ಅಂತ ನೋಡಿ. ಸಬ್ಜೆಕ್ಟ್ ಚಿಕ್ಕದು, ಯಾಕೆಂದರೆ ಮೊಬೈಲಿನಲ್ಲಿ ಆರೇಳು ಪದದ ಮೇಲೆ ಕಾಣುವುದೇ ಇಲ್ಲ. ಮೊದಲ ಎರಡು ವಾಕ್ಯ ಪೂರ್ತಿ ಅವರ ಬಗ್ಗೆ, ಮತ್ತು ಅದು ನಿಜ. ಊಟಕ್ಕೆ ಹೋಗದೆ 'ಊಟ ಮಾಡಿದೆವು' ಅಂತ ಬರೆಯಬೇಡಿ, 'ಏನು ತಿಂದ್ರಿ?' ಅಂತ ಕೇಳಿಬಿಟ್ಟರೆ? ಮೆನು ನೋಡಿದ್ದರೆ 'ಮೆನು ನೋಡಿದೆ' ಅನ್ನಿ. ನಾನೇ ಒಮ್ಮೆ ಹಳೆಯ ಮೇಲನ್ನು ಕಾಪಿ ಮಾಡಿ, ಒಂದು ಹೋಟೆಲಿಗೆ ಅವರ ಎದುರು ಬೀದಿಯ ಹೋಟೆಲಿನ ಹೋಳಿಗೆ ಹೊಗಳಿ ಕಳಿಸಿದ್ದೆ. ಅಲ್ಲಿಗೆ ಇವತ್ತಿಗೂ ನಮ್ಮ ಬೆಲ್ಲ ಹೋಗಿಲ್ಲ.

ಬಣ್ಣ ಕಂದು ಅಂತ ನಾವೇ ಹೇಳಿಬಿಡುತ್ತೇವೆ. ಮುಚ್ಚಿಟ್ಟರೆ ಸ್ಯಾಂಪಲ್ ನೋಡಿದ ಕೂಡಲೇ ಮುಖ ಗಂಟಾಗುತ್ತದೆ. ನಿಮ್ಮ ಸಾಮಾನಿನಲ್ಲೂ ಇಂಥದ್ದೊಂದು ಇದ್ದೇ ಇರುತ್ತದೆ, ಅದನ್ನು ಮೊದಲೇ ಬರೆಯಿರಿ. ಕೇಳುವುದು ಒಂದೇ: ಸ್ಯಾಂಪಲ್ ತರಲೇ? 'ಫೋನ್ ಮಾಡಿ, ವೆಬ್‌ಸೈಟ್ ನೋಡಿ, ಫೇಸ್‌ಬುಕ್ಕಲ್ಲಿ ಫಾಲೋ ಮಾಡಿ' ಅಂತ ಮೂರು ಕೆಲಸ ಕೊಟ್ಟರೆ ಒಂದನ್ನೂ ಮಾಡುವುದಿಲ್ಲ. ರೇಟು ಬರೆದಿಲ್ಲ. ಇದರಲ್ಲಿ ಬೇರೆ ಬೇರೆ ಅಭಿಪ್ರಾಯವಿದೆ. ಬೆಲ್ಲದ ರೇಟು ವಾರಕ್ಕೊಂದು, ಅದಕ್ಕೇ ನಾನು ಹಾಕುವುದಿಲ್ಲ. ನಿಮ್ಮದು ಸ್ಥಿರವಾದ ದರವಾದರೆ ಧಾರಾಳವಾಗಿ ಹಾಕಿ.

ಕನ್ನಡವೋ ಇಂಗ್ಲಿಷೋ? ಮಾಲೀಕರು ಊರಿನವರೇ ಆಗಿದ್ದರೆ ನಾನು ಕನ್ನಡದಲ್ಲೇ ಬರೆಯುತ್ತೇನೆ. ಇಂಗ್ಲಿಷ್ ಮೇಲುಗಳ ರಾಶಿಯಲ್ಲಿ ಕನ್ನಡದ್ದು ಎದ್ದು ಕಾಣುತ್ತದೆ. ಹೆಡ್ ಆಫೀಸ್ ಹೊರ ರಾಜ್ಯದಲ್ಲಿರುವ ದೊಡ್ಡ ಹೋಟೆಲಾದರೆ ಇಂಗ್ಲಿಷ್, ಯಾಕೆಂದರೆ ಮೇಲ್ ಅಲ್ಲಿಗೆ ಫಾರ್ವರ್ಡ್ ಆಗುತ್ತದೆ. ಆದರೆ ಉದ್ದ ಇಷ್ಟೇ ಇರಲಿ, ಇಂಗ್ಲಿಷ್ ಬಂತು ಅಂತ ಬೆಳೆಸಬೇಡಿ.

ಮೊದಲ ಮೇಲಿಗೆ ಪಿಡಿಎಫ್ ಅಂಟಿಸಬೇಡಿ. ಗುರುತಿಲ್ಲದವರಿಂದ ಬಂದ ಫೈಲ್ ತೆರೆಯಬೇಡಿ ಅಂತ ಎಲ್ಲ ಆಫೀಸಿನಲ್ಲೂ ಹೇಳಿರುತ್ತಾರೆ. ಚಿಕ್ಕದು ಮಾಡಿದ ಲಿಂಕುಗಳೂ ಬೇಡ.

4. ಕಳಿಸುವ ಹೊತ್ತು

ಒಬ್ಬರಿಗೆ ಒಂದು ಮೇಲ್, ಕೈಯಲ್ಲೇ. ಇಪ್ಪತ್ತು ಹೆಸರಿಗೆ ಯಾವ ಸಾಫ್ಟ್‌ವೇರೂ ಬೇಕಿಲ್ಲ. ಸಿಸಿ ಅಂತೂ ಬೇಡವೇ ಬೇಡ, ನನ್ನ ಕಥೆ ಮೇಲೇ ಇದೆ. ಬಿಸಿಸಿ ಹಾಕಿದರೆ ವಿಳಾಸ ಬಚ್ಚಿಡಬಹುದು, ಆದರೆ 'ಹೋದ ಭಾನುವಾರ ನಿಮ್ಮಲ್ಲಿ' ಅನ್ನುವ ಸಾಲು ಇಪ್ಪತ್ತು ಜನಕ್ಕೆ ಹೊಂದುತ್ತದಾ?

ಹೋಟೆಲಿನವರಿಗೆ ಮಂಗಳವಾರದಿಂದ ಗುರುವಾರ, ಮಧ್ಯಾಹ್ನ ಮೂರರಿಂದ ನಾಲ್ಕೂವರೆ. ಊಟದ ಗದ್ದಲ ಮುಗಿದು ಸಂಜೆಯದ್ದು ಶುರುವಾಗುವ ಮುಂಚೆ. ಇದು ನನ್ನ ಅನುಭವ, ನಿಮ್ಮ ಗಿರಾಕಿಗಳ ದಿನಚರಿ ನೋಡಿ ನೀವೇ ಹೊಂದಿಸಿಕೊಳ್ಳಿ. ಆಡಿಟರ್ ಆಫೀಸಿಗೆ ಜುಲೈ ಕೊನೆ ವಾರದಲ್ಲಿ ಬರೆದರೆ ಬೈಗುಳ ಗ್ಯಾರಂಟಿ.

ದಸರೆಯ ಹತ್ತು ದಿನ ಮೈಸೂರಿನ ಯಾವ ಹೋಟೆಲಿಗೂ ಬರೆಯಬೇಡಿ. ಅವರಿಗೆ ಉಸಿರಾಡಲು ಪುರುಸೊತ್ತಿರುವುದಿಲ್ಲ. ದಸರೆ ಆರ್ಡರ್ ಬೇಕಿದ್ದರೆ ಎರಡು ತಿಂಗಳು ಮುಂಚೆ ಮಾತಾಡಿ. ಸಂಕ್ರಾಂತಿಗೆ ನೌಕರರಿಗೆ ಎಳ್ಳು ಬೆಲ್ಲದ ಡಬ್ಬಿ ಕೊಡುವ ಕಂಪನಿಗಳಿರುತ್ತವೆ. ಅವರಿಗೆ ನವೆಂಬರ್ ಕೊನೆಯಲ್ಲೇ ಬರೆಯಬೇಕು, ಯಾಕೆಂದರೆ ಡಿಸೆಂಬರ್ ಹತ್ತರೊಳಗೆ ಅವರ ಆರ್ಡರ್ ತೀರ್ಮಾನ ಆಗಿರುತ್ತದೆ. ನಾನು ಮೊದಲ ವರ್ಷ ಜನವರಿ ಐದಕ್ಕೆ ಬರೆದು ಕೂತಿದ್ದೆ!

5. ಉತ್ತರ ಬರದಿದ್ದರೆ

ಬರುವುದಿಲ್ಲ, ಬಹಳ ಸಲ. ಬೇಜಾರು ಮಾಡಿಕೊಳ್ಳಬೇಡಿ. ಒಂದು ವಾರ ಬಿಟ್ಟು, ಅದೇ ಮೇಲಿಗೆ ರಿಪ್ಲೈ ಒತ್ತಿ ಎರಡು ಸಾಲು ಬರೆಯಿರಿ: 'ಸರ್, ಶುಕ್ರವಾರ ನಮ್ಮ ಗಾಡಿ ನಿಮ್ಮ ಕಡೆಗೇ ಬರುತ್ತಿದೆ. ಸ್ಯಾಂಪಲ್ ಇಳಿಸಿ ಹೋಗಲೇ?' 'ನನ್ನ ಹಿಂದಿನ ಮೇಲ್ ನೋಡಿದಿರಾ' ಅನ್ನಬೇಡಿ, ಅದು ಸಾಲ ಕೇಳಿದ ಹಾಗಿರುತ್ತದೆ. ಅದಕ್ಕೂ ಉತ್ತರವಿಲ್ಲದಿದ್ದರೆ ಆರು ತಿಂಗಳು ಸುಮ್ಮನಿರಿ.

ಮೇಲ್ ತೆರೆದರೋ ಇಲ್ಲವೋ ಅಂತ ಹೇಳುವ ಆ್ಯಪುಗಳಿವೆ. ಅದಕ್ಕೆ ದುಡ್ಡು ಹಾಕಬೇಡಿ. ಆಪಲ್ 2021ರಲ್ಲಿ ತನ್ನ ಮೇಲ್ ಆ್ಯಪಿನಲ್ಲಿ ತಂದ ಬದಲಾವಣೆಯ ನಂತರ, ಮನುಷ್ಯರು ತೆರೆಯದಿದ್ದರೂ 'ತೆರೆದಿದ್ದಾರೆ' ಅಂತ ತೋರಿಸಬಹುದು.

6. 'ಬೇಡ' ಅಂದವರು, ಮತ್ತು ಕಾನೂನು

ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ 'ಬೇಡ' ಅಂದವರ ಪಟ್ಟಿ ಇಡಿ. ಅವರಿಗೆ 'ಆಗಲಿ ಸರ್, ಧನ್ಯವಾದ' ಅಂತ ಒಂದು ಸಾಲು, ಮುಗಿಯಿತು. ಅವರು ಸಿಟ್ಟಿನಿಂದ ಸ್ಪ್ಯಾಮ್ ಬಟನ್ ಒತ್ತಿದರೆ ನಿಮ್ಮ ಮುಂದಿನ ಮೇಲುಗಳು ಬೇರೆಯವರ ಡಬ್ಬಿಯಲ್ಲೂ ಸ್ಪ್ಯಾಮಿಗೇ ಬೀಳಲು ಶುರುವಾಗುತ್ತವೆ.

ನಮ್ಮಲ್ಲಿ ಬೇಡದ ಜಾಹೀರಾತು ತಡೆಯುವ ಡಿಎನ್‌ಡಿ ನಿಯಮ ಇರುವುದು ಕರೆ ಮತ್ತು ಎಸ್‌ಎಂಎಸ್‌ಗೆ, ಇಮೇಲಿಗಲ್ಲ. ಇಮೇಲಿಗೆ ಅಂತಲೇ ಪ್ರತ್ಯೇಕ ಸ್ಪ್ಯಾಮ್ ಕಾನೂನೂ ಇಲ್ಲ. ಹಾಗಂತ ಹೇಗೆ ಬೇಕಾದರೂ ಮಾಡಬಹುದು ಅಂತಲ್ಲ. 2023ರಲ್ಲಿ ವೈಯಕ್ತಿಕ ಡಿಜಿಟಲ್ ಮಾಹಿತಿ ರಕ್ಷಣೆಯ ಕಾಯ್ದೆ ಬಂದಿದೆ. ಜನರ ಹೆಸರು, ಐಡಿ ಕೂಡಿಟ್ಟುಕೊಂಡು ಮಾರುವುದು, ಹಂಚುವುದು ಬೇಡ.

ಹೊರದೇಶಕ್ಕೆ ಬರೆಯುವವರು ಇನ್ನೂ ಹುಷಾರಾಗಿರಬೇಕು. ಅಮೆರಿಕದ 2003ರ ಕ್ಯಾನ್-ಸ್ಪ್ಯಾಮ್ ಕಾಯ್ದೆ ಪ್ರಕಾರ ಮೊದಲೇ ಅನುಮತಿ ಬೇಕಿಲ್ಲ. ಆದರೆ ಸಬ್ಜೆಕ್ಟ್ ಮೋಸದ್ದಾಗಿರಬಾರದು, ನಿಮ್ಮ ಅಂಚೆ ವಿಳಾಸ ಇರಬೇಕು, ಬೇಡ ಅಂದವರನ್ನು ಹತ್ತು ಕೆಲಸದ ದಿನದೊಳಗೆ ಕೈಬಿಡಬೇಕು. ಜರ್ಮನಿಯಲ್ಲಿ ಕಂಪನಿಗಳಿಗೂ ಒಪ್ಪಿಗೆಯಿಲ್ಲದೆ ಜಾಹೀರಾತು ಮೇಲ್ ಕಳಿಸುವಂತಿಲ್ಲ. ಅಲ್ಲಿನ ಅಂಗಡಿಯವರಿಗೆ ಬೆಲ್ಲ ಕಳಿಸುವ ಆಸೆ ಇದ್ದರೆ ಮೊದಲು ಬೇರೆ ದಾರಿಯಲ್ಲಿ ಗುರುತು ಮಾಡಿಕೊಳ್ಳಿ.

7. ಉತ್ತರ ಬಂದರೆ

ಅವತ್ತೇ ಮಾರುತ್ತರ ಕೊಡಿ. ಸಾಮಾನ್ಯವಾಗಿ ಕೇಳುವುದು ನಾಲ್ಕು: ರೇಟು ಎಷ್ಟು, ಕಡಿಮೆ ಅಂದರೆ ಎಷ್ಟು ಕೆಜಿ ತಗೊಳ್ಳಬೇಕು, ಜಿಎಸ್‌ಟಿ ಬಿಲ್ ಇದೆಯಾ, ಕ್ರೆಡಿಟ್ ಎಷ್ಟು ದಿನ. ನಾಲ್ಕಕ್ಕೂ ಉತ್ತರ ಮೊದಲೇ ಬರೆದಿಟ್ಟುಕೊಂಡಿರಿ. ಕೊನೆಯದಕ್ಕೆ ಉದ್ಯಮ್ ಸಂಖ್ಯೆ ಉಪಯೋಗಕ್ಕೆ ಬರುತ್ತದೆ. ನೋಂದಾಯಿಸಿಕೊಂಡ ಸಣ್ಣ ತಯಾರಕರಿಗೆ ಒಪ್ಪಂದ ಇದ್ದರೂ 45 ದಿನದೊಳಗೆ ಹಣ ಕೊಡಬೇಕು ಅಂತ ಕಾನೂನಿದೆ. ನಾನು ಅದನ್ನು ಬಾಯಿಬಿಟ್ಟು ಹೇಳುವುದಿಲ್ಲ. ಸಹಿಯ ಕೆಳಗೆ ಸಂಖ್ಯೆ ಇರುತ್ತದಲ್ಲ, ಅಕೌಂಟ್ಸ್‌ನವರಿಗೆ ಅರ್ಥವಾಗುತ್ತದೆ.

ಸ್ಯಾಂಪಲನ್ನು ಕೊರಿಯರ್ ಮಾಡಬಹುದು, ಮಳೆಗಾಲದಲ್ಲಿ ಬೇಡ. ಬೆಲ್ಲ ನೀರೊಡೆದು ಪೊಟ್ಟಣ ಅಂಟಂಟಾಗಿ ತಲುಪುತ್ತದೆ. ಮಂಡ್ಯದಿಂದ ಮೈಸೂರು ಬರೀ 45 ಕಿಲೋಮೀಟರ್. ನಾನೇ ಹೋಗುತ್ತೇನೆ. ಹೋಗುವಾಗ ಬೆಲ್ಲದ ಜೊತೆ ಅರ್ಧ ಲೀಟರ್ ಹಾಲಿನ ಪ್ಯಾಕೆಟ್ಟೂ ಚೀಲದಲ್ಲಿರುತ್ತದೆ. ಬಾಣಸಿಗರು ನಗುತ್ತಾರೆ, 'ಹಾಲು ನಮ್ಮಲ್ಲೇ ಇದೆ ಬನ್ನಿ ಅಮ್ಮ' ಅಂತಾರೆ. ಒಲೆ ಮೇಲೆ ಪಾತ್ರೆ ಇಡುತ್ತಾರೆ. ನಾನು ಪಕ್ಕದಲ್ಲೇ ನಿಂತುಕೊಳ್ಳುತ್ತೇನೆ.